ದಿಲ್ಲಿಗೆ ಎರಡೂವರೆ ತಾಸು

ಮುಂಡರಗಿ ಬಸ್‌ಸ್ಟ್ಯಾಂಡಿನ ಎದುರು ನನ್ನದೊಂದು ಟಿಕೆಟ್ ಬುಕಿಂಗ್ ಅಂಗಡಿ. ವಿಮಾನ ಹತ್ತುವವರಿಗಿಂತ ಹತ್ತಿಸುವವನ ಎದೆಯೇ ಹೆಚ್ಚು ಹೊಡೆದುಕೊಳ್ಳುತ್ತದೆ ಎಂಬುದು ನನಗೆ ಮೇಲಿಂದ ಮೇಲೆ ಅನುಭವಕ್ಕೆ ಬರುತ್ತಲೇ ಇರುತ್ತದೆ. ಹತ್ತುವವರು ನನ್ನ ಸೋದರಮಾವನೇ ಆದರೆ ಮುಗಿದೇ ಹೋಯಿತು.

ಮಾವನ ಮಗಳು ದಿಲ್ಲಿಯಲ್ಲಿ, ತುಂಬಿದ ಬಸುರಿ. ನಾವು ಹೊರಟ ಮರುದಿನ ಬೆಳಿಗ್ಗೆ ಅವಳ ಕುಬಸ, ಅಂದರೆ ಸೀಮಂತ. ತವರಿನ ಹಸಿರು ಸೀರೆ, ಹಸಿರು ಬಳೆ ಮುಟ್ಟದೆ ಕುಬಸ ಆಗುವಂತಿಲ್ಲ. ಅತ್ತೆಗೆ ಮೊಣಕಾಲು ನೋವು, ಹಾಗಾಗಿ ಮಾವ ಹೊರಟರು. ಅವರ ಬೆನ್ನಿಗೆ ನಾನು. ಈ ವಿಮಾನ ತಪ್ಪಿದರೆ ಕುಬಸ ತಪ್ಪಿದಂತೆಯೇ. ನನಗಂತೂ ವಾರದಿಂದ ಊಟ ಸೇರಿರಲಿಲ್ಲ.

ದೂರ

ಟಿಕೆಟ್ ಮಾಡಿಸುವ ದಿನ ಮಾವ ಅಂಗಡಿಗೆ ಬಂದು ಕೇಳಿದರು: "ದಿಲ್ಲಿಗೆ ಎಷ್ಟ ತಾಸಲೇ?"

"ಹುಬ್ಬಳ್ಳಿಯಿಂದ ಎರಡೂವರಿ ತಾಸು, ಮಾವ."

"ಇಲ್ಲಿಂದ ಹುಬ್ಬಳ್ಳಿಗೆ?"

"ಗದಗ ಹಾದು ಹೋಗಬೇಕಲ್ಲರಿ, ಬಸ್ಸಿಗೆ ಅದೂ ಎರಡೂವರಿ."

"ಹಂಗಾರ ಎರಡೂ ಅಷ್ಟಕ್ಕಷ್ಟ ಆತು. ಇಮಾನದ ಟಿಕೀಟ ಯಾಕ ಅಷ್ಟ ತುಟ್ಟಿ?"

ವಿಮಾನ ಬಹಳ ಜೋರಾಗಿ ಹೋಗುತ್ತದೆ ಎಂದು ಬಿಡಿಸಿ ಹೇಳಿದೆ. ಮಾವ ತಲೆಯಾಡಿಸಿ, "ಮೆಲ್ಲಗ ಹೋಗೂದರಾಗ ಮಾಡಿಸಪಾ, ಸೋವಿ ಆಕ್ಕೈತಿ" ಎಂದರು.

ಬಾಗಿಲು

ವಿಮಾನ ನಿಲ್ದಾಣದ ಬಾಗಿಲಲ್ಲಿ ಕಾವಲಿನ ಜವಾನ ಹಿಂದಿಯಲ್ಲಿ ಕೇಳಿದ, ಎಲ್ಲಿಗೆ ಹೋಗಬೇಕು ಎಂದು. ಮಾವನಿಗೆ ಹಿಂದಿ ಬಾರದು. ಆದರೆ ಈ ಪ್ರಶ್ನೆ ಯಾವ ಭಾಷೆಯಲ್ಲಿದ್ದರೂ ಅವರಿಗೆ ತಿಳಿಯುತ್ತದೆ. ಹೊರಟವರನ್ನು ಎಲ್ಲಿಗೆ ಎಂದು ಕೇಳಿದರೆ ಕೆಲಸ ಕೆಟ್ಟಂತೆ. ಕೇಳಿದರೆ ಹಿಂದೆ ಸರಿದು ಕೂತು, ನೀರು ಕುಡಿದು, ಮತ್ತೆ ಹೊರಡಬೇಕು. ಮಾವ ಸೂಟ್‌ಕೇಸಿನ ಮೇಲೆ ಕೂತೇ ಬಿಟ್ಟರು.

"ಮಾವಾ, ವ್ಯಾಳ್ಯಾ ಆಗೇತ್ರಿ!"

"ಮಗಳ ಕುಬಸ ಐತಿ. ಹಂಗ ದಾಟಾಂಗಿಲ್ಲ."

ನೀರು ಕುಡಿದು ಎದ್ದರು. ಜವಾನ ಮತ್ತೆ ಕೇಳಿದ. ಮಾವ ಮತ್ತೆ ಕೂತರು. ಮೂರನೆಯ ಸಲ ನಾನೇ ಮುಂದೆ ಓಡಿ ಕೈ ಮುಗಿದೆ: "ದಿಲ್ಲಿ, ದಿಲ್ಲಿ! ಅವರನ್ನ ಏನೂ ಕೇಳಬ್ಯಾಡ್ರಿ ಸಾಹೇಬ್ರ!"

ಜವಾನ ಮಾವನನ್ನು ಒಳಗೆ ಬಿಟ್ಟು ನನ್ನ ಚೀಲ ಬಿಚ್ಚಿಸಿದ.

ಬಳೆ

ತಪಾಸಣೆಯ ಯಂತ್ರದೊಳಗೆ ಬಳೆ ಡಬ್ಬಿ ಬಿಡಲು ಮಾವ ಒಪ್ಪಲಿಲ್ಲ. "ಒಡದ್ರ ಅಪಶಕುನ. ಬೇಕಾರ ನನ್ನ ಅದರಾಗ ಮಲಗಿಸ್ರಿ, ಬಳಿ ನಡಕೊಂತ ಬರ್ಲಿ."

ಹಿಂದಿನ ಸಾಲು ನಕ್ಕಿತು. ನಾನು ಮಾವನ ಕೈಕಾಲು ಹಿಡಿದೆ. ಡಬ್ಬಿ ಕೊನೆಗೂ ಒಳಗೆ ಹೋಯಿತು. ಆಚೆ ಬದಿ ಬಂದ ಮೇಲೆ ಮಾವ ಒಂದೊಂದೇ ಬಳೆ ತೆಗೆದು ಬೆಳಕಿಗೆ ಹಿಡಿದು ನೋಡಿದರು. ನಂತರ ಯಂತ್ರಕ್ಕೆ ನಮಸ್ಕಾರ ಮಾಡಿದರು.

ಕಡೆಯ ಕರೆ

ದಿಲ್ಲಿ ವಿಮಾನದ ಕಡೆಯ ಕರೆ ಕೂಗಿದರು. ಎಲ್ಲರೂ ಮುಂದೆ ನಡೆದರೆ ಮಾವ ಎದ್ದು ಹಿಂದಕ್ಕೆ ಹೊರಟರು. ಅಷ್ಟು ನೀರು ಕುಡಿದವರಿಗೆ ಇನ್ನೆಲ್ಲಿ ಕೆಲಸ ಇರುತ್ತದೆ? ಅದು ನನಗೆ ಆಗ ಹೊಳೆಯಲಿಲ್ಲ. ಗಾಬರಿಯಲ್ಲಿ ಬಾಯಿಬಿಟ್ಟೆ: "ಮಾವಾ, ಎಲ್ಲಿಗೆ ಹೊಂಟ್ರಿ?"

ಮಾವ ನಿಂತರು. ನನ್ನನ್ನು ನೋಡಿದರು. ಹತ್ತಿರದ ಕುರ್ಚಿಯಲ್ಲಿ ಕೂತರು.

"ಊರಿಗೆಲ್ಲಾ ಬುದ್ಧಿ ಹೇಳಿ ನೀನ ಕೇಳಿದೆಲ್ಲಲೇ. ನೀರು ಕೊಡು."

ಬಾಟಲಿ ಬರಿದು. ನನಗೆ ಖರೇನೇ ಅಳು ಬಂತು. ಅಷ್ಟರಲ್ಲಿ ವಿಮಾನದ ಹುಡುಗಿಯೊಬ್ಬಳು ಓಡಿ ಬಂದಳು: "ದಿಲ್ಲಿ! ಬರ್ರಿ ಕಾಕಾ, ಜಲ್ದಿ ಬರ್ರಿ!"

ಮಾವ ತಟ್ಟನೆ ಎದ್ದರು. "ನೋಡು, ಹಿಂಗ ಕರೀಬೇಕು!"

ಮರುದಿನ ಬೆಳಿಗ್ಗೆ ಮಗಳ ಕೈತುಂಬ ಹಸಿರು ಬಳೆ, ಒಂದೂ ಒಡೆದಿರಲಿಲ್ಲ. ನನ್ನ ಎದೆ ಆಗ ತಣ್ಣಗಾಯಿತು. ಅವಳು ಕಣ್ಣೊರೆಸಿಕೊಳ್ಳುತ್ತ ಕೇಳಿದಳು: "ಭಾಳ ದೂರ ಆತೇನಪ್ಪಾ?"

"ಎಲ್ಲೀದವ್ವಾ! ಎರಡೂವರಿ ತಾಸು. ಇವಾ ಬಾಯಿ ಮುಚಗೊಂಡಿದ್ರ ಇನ್ನೂ ಜಲ್ದಿ ಬರ್ತಿದ್ವಿ."