ಸದ್ದಿಲ್ಲದ ಐದನೇ ಕ್ಲಾಸು

ಆ ದಿನದ ಅವಾಂತರಕ್ಕೆಲ್ಲ ಮೂಲ ಮಹೇಶಕುಮಾರ ಮಾಸ್ತರರ ಒಂದು ಅಪ್ಪಣೆ: ಮೇಡಂ ಹೋಗುವ ತನಕ ಕ್ಲಾಸಿನಲ್ಲಿ ಯಾರೂ ಬಾಯಿ ಬಿಡಕೂಡದು.

ಮಾಸ್ತರರ ಮನೆ ಹುಮನಾಬಾದಿನಲ್ಲಿ, ಶಾಲೆ ಬಸವಕಲ್ಯಾಣದಲ್ಲಿ. ದಿನಾ ಬಸ್ಸಿನಲ್ಲಿ ಜೋತಾಡಿ ಅವರ ಒಂದು ಭುಜ ಮೇಲಾಗಿದೆ ಎಂದು ಹೆಂಡತಿ ಉಜ್ವಲಾ ಛೇಡಿಸುತ್ತಿದ್ದಳು. ಊರಿನ ಶಾಲೆಗೆ ನಿಯೋಜನೆ ಸಿಗಬೇಕಾದರೆ ಇವತ್ತು ಬರುವ ಇಶ್ರತ್ ಮೇಡಂ ಒಂದು ಒಳ್ಳೆಯ ಮಾತು ಆಡಬೇಕು. ವಿಶೇಷ ಮಕ್ಕಳು ಉಳಿದವರೊಡನೆ ಹೇಗೆ ಕಲಿಯುತ್ತಿದ್ದಾರೆಂದು ನೋಡುವ ಅಧಿಕಾರಿ ಅವರು.

ಅಂಥ ಮಗು ಮಾಸ್ತರರ ಐದನೇ ಕ್ಲಾಸಿನಲ್ಲೂ ಇತ್ತು. ಕಿವಿ ಕೇಳದ ಸಮ್ರೀನ. ಹೇಗೆ ಕಲಿಸುವುದೆಂದು ತಿಳಿಯದೆ ಅವಳನ್ನು ಹಿಂದಿನ ಬೆಂಚಿಗೆ ಕೂಡಿಸಿ ದೇವರ ಮೇಲೆ ಭಾರ ಹಾಕಿದ್ದರು. ಅವಳು ಬಂದ ಮೇಲೆ ಕ್ಲಾಸಿನ ಗಲಾಟೆಯೇ ಅಡಗಿತ್ತು. ಅದು ತಮ್ಮ ಶಿಸ್ತಿನ ಫಲವೆಂದು ಮಾಸ್ತರರು ಬೀಗುತ್ತಿದ್ದರು, ಪಾಪ.

ಮೇಡಂ ಎದುರು ನಗುತ್ತಿರಬೇಕೆಂದು ಬಿಸಿಯೂಟದ ಗಯಾಬಾಯಿ ಹೇಳಿದಳು. ನಗಲೇಬಾರದೆಂದು ಮುಖ್ಯಗುರು ಕಾಶಿರಾಮ ಹೇಳಿದರು. ಎರಡನ್ನೂ ಪಾಲಿಸಲು ಹೋಗಿ ಮಾಸ್ತರರ ಮುಖ ಹಲ್ಲುನೋವು ಬಂದವರಂತಾಯಿತು. ಅದೇ ಗಡಿಬಿಡಿಯಲ್ಲಿ ಅಂಗಿಯ ಮೇಲೆ ಸಾಂಬಾರು ಚೆಲ್ಲಿಕೊಂಡರು. ಕಲೆ ಕಾಣದಂತೆ ಹಾಜರಿ ಪುಸ್ತಕವನ್ನು ಎದೆಗೆ ಅವುಚಿಕೊಂಡೇ ಕ್ಲಾಸಿಗೆ ಬಂದರು.

ಮೇಡಂ ಬಂದು ಕೂತರು. ಮಾಸ್ತರರು ಬೋರ್ಡಿನ ಕಡೆ ತಿರುಗಿ ಲೆಕ್ಕ ಬರೆದರು. ಹಿಂದೆ ಪಿಟ್ಟೆಂಬ ಸದ್ದಿಲ್ಲ. ತಿರುಗಿ ನೋಡಿದರೆ ಮಕ್ಕಳ ಕೈಗಳೆಲ್ಲ ಗಾಳಿಯಲ್ಲಿ ಆಡುತ್ತಿವೆ, ಮೇಡಂ ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡು ನಗುವಿನಿಂದ ಕುಲುಕುತ್ತಿದ್ದಾರೆ.

"ಸೊಳ್ಳಿ ಭಾಳ ಆಗ್ಯಾವ್ರಿ ಮೇಡಂ" ಎಂದರು ಮಾಸ್ತರರು.

"ಹೌದೇನ್ರಿ? ನಿನ್ನಿ ಗಣಿತದ ಪಿರಿಯಡ್‌ನ್ಯಾಗ ನಿಮಗ ನಿದ್ದಿ ಹತ್ತಿತ್ತಂತಲ್ಲ?"

ಮಾಸ್ತರರು ಮಕ್ಕಳ ಕಡೆ ಕಣ್ಣುಬಿಟ್ಟು ನೋಡಿದರು. ಒಂದು ಮಗುವೂ ತುಟಿ ಬಿಚ್ಚಿರಲಿಲ್ಲ.

"ಆ ಹಾಜರಿ ಪುಸ್ತಕ ಕೆಳಗ ಇಡ್ರಿ ಸರ್. ಸಾಂಬಾರಿನ ಕಲಿ ಅಷ್ಟೇನ ದೊಡ್ಡದಿಲ್ಲಂತ."

ಗುಟ್ಟು ಆಗ ಬಯಲಾಯಿತು. ಸಮ್ರೀನ ತನ್ನ ಕೈಮಾತನ್ನು ಇಡೀ ಕ್ಲಾಸಿಗೆ ಕಲಿಸಿಬಿಟ್ಟಿದ್ದಳು. ಮಕ್ಕಳು ತಿಂಗಳುಗಟ್ಟಲೆ ಮಾಸ್ತರರ ಕಣ್ಣೆದುರೇ ಹರಟೆ ಕೊಚ್ಚಿದ್ದರು. ಆ ಭಾಷೆ ಬಲ್ಲ ಮೇಡಂ ಒಂದೂ ಬಿಡದೆ ಓದಿಕೊಂಡಿದ್ದರು.

ನಿಯೋಜನೆ ಕೈತಪ್ಪಿತೆಂದು ಮಾಸ್ತರರು ಕುಸಿದು ಕೂತರು. ಆದರೆ ಮೇಡಂ ಕಣ್ಣೊರೆಸಿಕೊಂಡು, ಒಂದು ಹುಡುಗಿಗಾಗಿ ಇಡೀ ಕ್ಲಾಸು ಭಾಷೆ ಕಲಿತದ್ದನ್ನು ನಾನೆಲ್ಲೂ ಕಂಡಿಲ್ಲ, ಮಾಸ್ತರರ ಬಗ್ಗೆ ಮೇಲಿನವರಿಗೆ ಹೊಗಳಿ ಬರೆಯುವೆ ಎಂದರು. ಮಾಸ್ತರರ ಮನಸ್ಸು ಹಾರಿ ಹುಮನಾಬಾದ ಸೇರಿತು. ಮೇಲಾಗಿದ್ದ ಭುಜವೂ ನೆಟ್ಟಗಾದಂತೆನಿಸಿತು.

"ಇಂಥಾ ಕ್ಲಾಸ್ ಬಿಟ್ಟು ನಿಮಗ ಎಲ್ಲಿಗೂ ಹೋಗಾಕ ಬಿಡಂಗಿಲ್ರಿ. ನಿಯೋಜನಿ ಮಾತು ಬಂದ್ರ ನಾನೇ ತಡೀತೀನಿ" ಎಂದರು ಮೇಡಂ. "ಆದ್ರ ಇಲ್ಲಿ ಒಬ್ಬರು ಭಾಳ ಹಿಂದ ಬಿದ್ದಾರ. ಅವರಿಗೆ ದಿನಾ ಸಂಜಿ ಸಮ್ರೀನ ಪಾಠ ಹೇಳಲಿ."

"ಯಾರ್ರಿ ಅವರು?"

ಇಡೀ ಕ್ಲಾಸು ಮಾಸ್ತರರ ಕಡೆ ಬೆರಳು ತೋರಿಸಿತು. ಆ ಒಂದು ಸನ್ನೆ ಮಾತ್ರ ಅವರಿಗೆ ಚೆನ್ನಾಗಿ ಅರ್ಥವಾಯಿತು.

ಸಂಜೆ ಹುಮನಾಬಾದಿನ ಬಸ್ಸು ಹಾರ್ನ್ ಹೊಡೆದು ಹೋದಾಗ ಮಾಸ್ತರರು ಹಿಂದಿನ ಬೆಂಚಿನಲ್ಲಿ ಕೂತು, 'ಬಸ್ಸು ತಪ್ಪಿತು' ಎಂಬುದನ್ನು ಕೈಯಲ್ಲಿ ಹೇಳಲು ಕಲಿಯುತ್ತಿದ್ದರು. ಸಮ್ರೀನ ತಲೆ ಅಲ್ಲಾಡಿಸಿ, ಮತ್ತೊಮ್ಮೆ ಮಾಡಿಸಿದಳು.