ನನ್ನ ವಯಸ್ಸನ್ನು ಹನ್ನೆರಡಕ್ಕೆ ಇಳಿಸಿಕೊಡಬೇಕೆಂದು ಗ್ರಂಥಾಲಯದ ಯಂತ್ರಕ್ಕೆ

ವಾರನ್‌ಬಿ ಗ್ರಂಥಾಲಯದ ಬಾಗಿಲಲ್ಲಿ ನಿಂತೇ ಪುಸ್ತಕವನ್ನೂ, ಕೇಳದಿದ್ದರೂ ಸಲಹೆಯನ್ನೂ ಕೊಡುವ ಯಂತ್ರ ಮಹಾಶಯರ ಸನ್ನಿಧಿಗೆ,

ಮಾನ್ಯರೇ,

ಒಂದು ಲೋಟ ಚಹಾ ಕೂಡ ಇಲ್ಲದೆ ದುಡಿಯುವ ತಮಗೆ, ಈ ಊರಿನ ಶಾಲಾ ಬಸ್ಸು ಓಡಿಸಿ ನಿವೃತ್ತಳಾದ ನೋರೀನ್ ಹ್ಯಾಸ್ಕೆಟ್ ಮಾಡುವ ನಮಸ್ಕಾರಗಳು. ಹಿಂದಿನ ಸೀಟಿನ ಮಕ್ಕಳು ತಾವು ಓದಿದ ಕಾದಂಬರಿಗಳನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುವುದನ್ನು ಕೇಳಿ ಕೇಳಿ ಆ ರುಚಿ ಹತ್ತಿಸಿಕೊಂಡವಳು ನಾನು. ಅರ್ಧ ಕಥೆಗೆ ಅವರ ಸ್ಟಾಪು ಬಂದುಬಿಡುತ್ತಿತ್ತು. ಉಳಿದರ್ಧಕ್ಕೆ ನಾನೇ ಗ್ರಂಥಾಲಯಕ್ಕೆ ಓಡಬೇಕಿತ್ತು.

ತಾವು ಬಂದ ಮೇಲೆ ನನ್ನ ಕಾರ್ಡು ನೋಡಿ, ವಯಸ್ಸು ಅರಿತು, ಮಂಡಿನೋವು, ಉಯಿಲು ಮತ್ತು ಗುಲಾಬಿಗೆ ಹತ್ತುವ ಹುಳುಗಳ ಕುರಿತ ಪುಸ್ತಕಗಳನ್ನು ಶಿಫಾರಸು ಮಾಡಿದಿರಿ. ತಮ್ಮ ಕಾಳಜಿಗೆ ಋಣಿ. ಆದರೆ ನಾನು ಕೇಳಿದ್ದು, ದೀಪಸ್ತಂಭದಲ್ಲಿ ಅಡಗಿಕೊಂಡ ಅಕ್ಕತಂಗಿಯರ ಕಾದಂಬರಿಯ ಎರಡನೇ ಭಾಗವನ್ನು. ಮಕ್ಕಳ ಹೊಸ ಪುಸ್ತಕಗಳು ಮೊದಲು ಮಕ್ಕಳ ಕಾರ್ಡಿಗೇ ಎಂದು ತಾವು ಬರಿಗೈಯಲ್ಲಿ ಕಳಿಸಿದ್ದರಿಂದ, ನಾನು ಮೊಮ್ಮಗಳು ಟೀಗನ್‌ಳ ಕಾರ್ಡನ್ನು ಬಳಸತೊಡಗಿದೆ.

ನನ್ನನ್ನು ನ್ಯಾನ್ ಎಂದು ಕರೆಯುವ ಈ ಹುಡುಗಿ, ತಾಯಿಯೊಂದಿಗೆ ಈ ಊರಿಗೆ ಬಂದು ಹೊಸ ಶಾಲೆ ಸೇರಿದ ಮೇಲೆ ಓದುವುದನ್ನೂ ಬಿಟ್ಟಿದ್ದಳು, ಗೆಳತಿಯರಿಲ್ಲದೆ ಮಾತನ್ನೂ ಬಿಟ್ಟಿದ್ದಳು. ಸಂಜೆ ಆಲೂಗಡ್ಡೆ ಸುಲಿಯುತ್ತ ಅವಳಿಗೆ ಕಥೆ ಹೇಳಿ, ಉಳಿದದ್ದನ್ನು ತಾನೇ ಓದಲಿ ಎಂಬ ಆಸೆಯಿಂದ ಮುಖ್ಯವಾದ ಕಡೆ ನಿಲ್ಲಿಸುತ್ತಿದ್ದೆ. ಅವಳೋ, “ಮಿಕ್ಕಿದ್ದು ನಾಳೆ ಹೇಳು” ಎಂದು ಎದ್ದುಹೋಗುತ್ತಿದ್ದಳು.

ಕಾರ್ಡಿನ ಲೆಕ್ಕ ನೋಡಿ ಇಂಥ ಹುಡುಗಿಯನ್ನು ಈ ಶಾಲಾ ಟರ್ಮಿನ ಶ್ರೇಷ್ಠ ಓದುಗಾರ್ತಿಯೆಂದು ಘೋಷಿಸಿದ ತಮ್ಮ ಜಾಣ್ಮೆಯನ್ನು ಎಷ್ಟು ಹೊಗಳಲಿ! ಗ್ರಂಥಾಲಯದ ಸಮಾರಂಭದಲ್ಲಿ ಲ್ಯಾಮಿಂಗ್ಟನ್ ಕೇಕು ತಿನ್ನುವ ಮಕ್ಕಳ ಮುಂದೆ ನಿಂತು ಅವಳು ಒಂದು ಪುಸ್ತಕವನ್ನು ಶಿಫಾರಸು ಮಾಡಬೇಕಂತೆ. “ಒಂದ್ ಪುಟಾನೂ ಓದಿಲ್ಲ ನ್ಯಾನ್, ಏನಂತ ಹೇಳ್ಲಿ? ಎಲ್ರೂ ನಗ್ತಾರೆ” ಎಂದು ಅತ್ತಳು. ಹೊಟ್ಟೆನೋವು ಅನ್ನು ಎಂದು ನಾನು ಹೇಳಿಕೊಟ್ಟರೂ ಅವಳು ಹೋಗಿ ನಿಂತಳು.

“ಇವನ್ನೆಲ್ಲ ಓದಿದ್ದು ನಾನಲ್ಲ, ನಮ್ಮ ನ್ಯಾನ್. ನನ್ ಕಾರ್ಡಲ್ಲಿ ಕದ್ದು ತರ್ತಾಳೆ. ಆದ್ರೂ ದೀಪಸ್ತಂಭದ್ದು ಓದ್ರೋ. ಅದನ್ನ ಹೇಳ್ತಾ ಹೇಳ್ತಾ ಬೆರಳೇ ಕುಯ್ಕೊಂಡ್ಳು, ಅಷ್ಟು ಚೆನ್ನಾಗಿದೆ” ಎಂದು ಕಥೆ ಶುರು ಮಾಡಿ, ನಾನು ನಿಲ್ಲಿಸುವ ಜಾಗದಲ್ಲೇ ನಿಲ್ಲಿಸಿ ಕೂತುಬಿಟ್ಟಳು. “ಏಯ್, ಆಮೇಲೇನಾಯ್ತು ಹೇಳೇ!” ಎಂದು ಮಕ್ಕಳೆಲ್ಲ ಅವಳನ್ನು ಮುತ್ತಿಕೊಂಡರು. ನಾನು ಕೇಕಿನ ತಟ್ಟೆಯ ಹಿಂದೆ ನಿಂತು ಕಣ್ಣೊರೆಸಿಕೊಂಡೆ.

ಈಗ ಮೂರನೇ ಭಾಗಕ್ಕೆ ಊರಿನ ಮಕ್ಕಳೆಲ್ಲ ಸಾಲುಗಟ್ಟಿ ನಿಂತಿದ್ದಾರೆ. ಟೀಗನ್ ತನ್ನ ಕಾರ್ಡನ್ನು ನನ್ನಿಂದ ಕಿತ್ತುಕೊಂಡಿದ್ದಾಳೆ. ಆದ್ದರಿಂದ ತಾವು ದಯವಿಟ್ಟು ನನ್ನ ಮಂಡಿಗಳಿಗೆ ಅವುಗಳ ವಯಸ್ಸನ್ನು ಹಾಗೆಯೇ ಬಿಟ್ಟು, ಉಳಿದ ನನ್ನನ್ನಷ್ಟೇ ಹನ್ನೆರಡರವಳೆಂದು ನಮೂದಿಸಿಕೊಳ್ಳಬೇಕಾಗಿ ಪ್ರಾರ್ಥನೆ.

ಸಾಲಿನ ಕೊನೆಯಲ್ಲಿ ಕಾದಿರುವ, ತಮ್ಮ ವಿಶ್ವಾಸಿ,
ನೋರೀನ್ ಹ್ಯಾಸ್ಕೆಟ್

ಮರೆತ ಮಾತು: ಟೀಗನ್ ನಿನ್ನೆ ಮೂರನೇ ಭಾಗ ಓದಿ ಮುಗಿಸಿದಳು. ಕೊನೆಗೇನಾಯಿತೆಂದು ಕೇಳಿದರೆ, “ನೀನೇ ಓದ್ಕೋ, ನ್ಯಾನ್” ಎಂದು ನಕ್ಕು, ಗೆಳತಿಯ ಮನೆಗೆ ಹೋದಳು. ಆಗ ನನಗಾದ ಸಂತೋಷಕ್ಕೆ ತಕ್ಕ ಪುಸ್ತಕವಿದ್ದರೆ ತಿಳಿಸಿ. ಗುಲಾಬಿಯ ಹುಳುಗಳದ್ದು ಬೇಡ.