ಹಡಗು ಹತ್ತಿದ ಪಟ್ಟದ ರಾಜ

ಕಾವೇರಿ ನೀರು ದಿನ ಬಿಟ್ಟು ದಿನ ಬರುವ ಬಸವೇಶ್ವರನಗರದಲ್ಲಿ ಕೂತು ನಾನು ಹಡಗು ಕಟ್ಟಲು ನಿರ್ಧರಿಸಿದೆ. ಗಾಬರಿಯಾಗಬೇಡಿ, ಒಂದೂವರೆ ಮೊಳದ ಮರದ ಹಡಗು. ನಿವೃತ್ತಿಯಾದ ಮೇಲೆ ನನ್ನ ಓರಗೆಯವರೆಲ್ಲ ಪಾರ್ಕಿನಲ್ಲಿ ಕೈ ತಟ್ಟಿ ನಗುವ ಗುಂಪಿಗೆ ಸೇರಿಕೊಂಡರು. ಕಾರಣವಿಲ್ಲದೆ ನಗುವುದು ನನಗೆ ಒಗ್ಗಲಿಲ್ಲ. ಬೇರೆಯವರಿಗೆ ನಗಲು ಕಾರಣ ಒದಗಿಸುವ ಕೆಲಸ ನನ್ನ ಪಾಲಿಗೆ ಬರಲಿದೆ ಎಂದು ಆಗ ತಿಳಿದಿರಲಿಲ್ಲ.

ಹಡಗಿನ ಸಾಮಾನೆಲ್ಲ ಒಂದೇ ಪೆಟ್ಟಿಗೆಯಲ್ಲಿ ಬಂತು. ಪಕ್ಕೆಲುಬಿನಂಥ ಚೌಕಟ್ಟು, ತೆಳ್ಳನೆಯ ಮರದ ಪಟ್ಟಿಗಳು, ಒಂದು ನಕ್ಷೆ. ಪಟ್ಟಿಗಳನ್ನು ಹಬೆಯಲ್ಲಿಟ್ಟು ಮೆದು ಮಾಡಿ, ಬಗ್ಗಿಸಿ, ಒಂದೊಂದಾಗಿ ಚೌಕಟ್ಟಿಗೆ ಅಂಟಿಸಬೇಕು. ನಮ್ಮ ಮನೆಯಲ್ಲಿ ಹಬೆ ಬರುವ ಜಾಗ ಒಂದೇ, ಇಡ್ಲಿ ಪಾತ್ರೆ.

"ಏನ್ರೀ ಇದು, ಇಡ್ಲಿ ಬಾಗಿಲ ಚೌಕಟ್ಟಿನ ವಾಸನೆ ಹೊಡೀತಾ ಇದೆ!" ಎಂದಳು ನನ್ನ ಹೆಂಡತಿ ಶ್ಯಾಮಲಾ.

"ತೇಗದ ವಾಸನೆ ಕಣೇ, ಆರೋಗ್ಯಕ್ಕೆ ಒಳ್ಳೇದು" ಎಂದೆ. ಪಾತ್ರೆ ಅಂದೇ ಬೀಗದ ಕಪಾಟು ಸೇರಿತು.

ಆದರೂ ಹಡಗು ಬೆಳೆಯಿತು. ಹೊರಮೈಗೆ ಉಜ್ಜುಕಾಗದ ತಿಕ್ಕಿ, ಪಾಲಿಶ್ ಕೊಟ್ಟಾಗ ಅದು ಎಷ್ಟು ಹೊಳೆಯಿತೆಂದರೆ ಶ್ಯಾಮಲಾ ತಾನಾಗಿಯೇ ಹೇಳಿದಳು, "ಈ ಸಲ ನವರಾತ್ರಿ ಬೊಂಬೆ ಕೂರಿಸುವಾಗ ಇದಕ್ಕೂ ಒಂದು ಮೆಟ್ಟಿಲು ಕೊಡ್ತೀನಿ." ಮೂವತ್ತು ವರ್ಷದ ದಾಂಪತ್ಯದಲ್ಲಿ ನನಗೆ ದೊರೆತ ಮೊದಲ ಪ್ರಶಸ್ತಿ ಇದು! ನಾನು ಬೀದಿಗೆಲ್ಲ ಸುದ್ದಿ ಮುಟ್ಟಿಸಿದೆ.

ಮಹಾಲಯ ಅಮಾವಾಸ್ಯೆ ಬಂತು. ಮರುದಿನ ಬೆಳಗ್ಗೆ ಬೊಂಬೆ ಕೂರಬೇಕು. ಕೆಂಗೇರಿಯಿಂದ ನಮ್ಮ ಅತ್ತೆ ಸಂಜೆಯೊಳಗೆ ಬರುವವರಿದ್ದರು. ಮದುವೆಯಲ್ಲಿ ಮಗಳಿಗೆ ಕೊಟ್ಟ ಪಟ್ಟದ ಗೊಂಬೆಗಳನ್ನು, ಅಂದರೆ ರಕ್ತಚಂದನದ ರಾಜ-ರಾಣಿಯರನ್ನು, ಪ್ರತಿವರ್ಷ ಅವರೇ ತಮ್ಮ ಕೈಯಾರೆ ಮೇಲಿನ ಮೆಟ್ಟಿಲಿನಲ್ಲಿ ಕೂರಿಸುತ್ತಾರೆ. ಅವರಿಗೆ ಅವು ಅವರ ತಾಯಿಯಿಂದ ಬಂದವು. ಈ ವರ್ಷ ಮಂಡಿ ಆಪರೇಷನ್ ಆಗಿದ್ದರೂ, ಕೋಲು ಹಿಡಿದಾದರೂ ಬರುತ್ತೇನೆ ಎಂದಿದ್ದರು.

ಹಡಗಿನಲ್ಲಿ ಬಾಕಿ ಉಳಿದಿದ್ದು ಮೇಲಿನ ನೆಲ, ಅದರ ಮೇಲೆ ಕಂಬ ಮತ್ತು ಹಾಯಿ. ನೆಲದ ಪಟ್ಟಿಗಳಿಗೆ ಮರದ ಗೋಂದು ಹಚ್ಚಿದರೆ ಒಣಗಲು ಇಡೀ ದಿನ ಬೇಕು. ಅಷ್ಟು ಪುರುಸೊತ್ತು ಯಾರಿಗಿದೆ? ಕಾಮಾಕ್ಷಿಪಾಳ್ಯದ ಅಂಗಡಿಯೊಂದರಿಂದ ತಕ್ಷಣ ಹಿಡಿಯುವ ಅಂಟು ತಂದೆ. "ಸಾರ್, ಇದು ಕಬ್ಬಿಣಾನೇ ಬಿಡಲ್ಲ" ಎಂದಿದ್ದ ಅಂಗಡಿಯವನು. ಅವನ ಮಾತನ್ನು ನಾನು ಹೊಗಳಿಕೆ ಎಂದುಕೊಂಡೆ. ಅದು ಎಚ್ಚರಿಕೆ!

ಅಂಟು ಹಚ್ಚಿದ ಮೇಲೆ ಪಟ್ಟಿಗಳು ಮೇಲೇಳದಂತೆ ಏನಾದರೂ ಭಾರ ಹೇರಬೇಕು. ಹಡಗು ಕಟ್ಟುವುದನ್ನು ವಿಡಿಯೋದಲ್ಲಿ ತೋರಿಸಿದ ಮಹಾನುಭಾವ ಭಾರದ ಕೆಳಗೆ ಒಂದು ಪ್ಲಾಸ್ಟಿಕ್ ಹಾಳೆ ಇಟ್ಟಿದ್ದ. ಪಾಪ, ಶುಚಿಯ ಮನುಷ್ಯ ಎಂದುಕೊಂಡು ನಾನು ಆ ಹಂತವನ್ನು ಬಿಟ್ಟುಬಿಟ್ಟೆ.

ಭಾರಕ್ಕೆಂದು ಇಸ್ತ್ರಿ ಪೆಟ್ಟಿಗೆ ಎತ್ತಿದೆ. "ಹಬ್ಬದ ಸೀರೆಗೆ ಬೇಕು, ಇಡ್ರೀ ಅದನ್ನ!" ಕುಟ್ಟಾಣಿ ಎತ್ತಿದೆ. "ಏಲಕ್ಕಿ ಕುಟ್ಟೋದು ನಿಮ್ಮ ತಲೆ ಮೇಲಾ?" ಅಷ್ಟು ಹೇಳಿ ಶ್ಯಾಮಲಾ ಹೂವು, ಬಾಳೆಎಲೆ ತರಲು ವಿಜಯನಗರದ ಮಾರ್ಕೆಟ್ಟಿಗೆ ಹೊರಟಳು. ಹಜಾರದಲ್ಲಿ ಅಟ್ಟದಿಂದ ಇಳಿಸಿದ ಟ್ರಂಕು ಬಾಯಿ ತೆರೆದು ಕೂತಿತ್ತು. ಕೈ ಹಾಕಿದೆ. ಹಳೇ ಪಂಚೆಯ ತುಂಡಿನಲ್ಲಿ ಸುತ್ತಿದ, ಗೇಣುದ್ದದ ಮರದ ಮನುಷ್ಯನೊಬ್ಬ ಸಿಕ್ಕಿದ. ಒಳ್ಳೆಯ ತೂಕ, ಚಪ್ಪಟೆ ತಳ. ದೇವರೇ ಕಳಿಸಿಕೊಟ್ಟ ಎಂದುಕೊಂಡು ಹಡಗಿನ ನಡುಮಧ್ಯೆ ನಿಲ್ಲಿಸಿದೆ.

ಇಷ್ಟು ವರ್ಷ ನೋಡಿದ ಪಟ್ಟದ ಗೊಂಬೆ ಗುರುತು ಸಿಗಲಿಲ್ಲವೇ ಎಂದು ನೀವು ಕೇಳಬಹುದು. ಸ್ವಾಮಿ, ನಾನು ನೋಡಿದ್ದೆಲ್ಲ ಜರಿ ಪೇಟ, ರೇಷ್ಮೆ ಪಂಚೆ, ಮುತ್ತಿನ ಸರ ತೊಟ್ಟ ರಾಜನನ್ನು. ಉಡುಪಿಲ್ಲದ ರಾಜನನ್ನು ಯಾವ ಪ್ರಜೆ ತಾನೇ ಗುರುತಿಸುತ್ತಾನೆ?

ಶ್ಯಾಮಲಾ ಗುರುತಿಸಿದಳು. ಬಾಗಿಲಿನಿಂದಲೇ ಗುರುತಿಸಿದಳು. ಬಾಳೆಎಲೆ ಕೈಯಿಂದ ಜಾರಿತು.

"ರೀ... ರಾಜ ಯಾಕ್ರೀ ಅಲ್ಲಿ ನಿಂತಿದಾನೆ?"

"ಯಾವ ರಾಜ?" ಎಂದು ಗೊಂಬೆಯನ್ನು ಎತ್ತಿದೆ. ಹಡಗೂ ಎದ್ದು ಬಂತು!

ಅಲುಗಿಸಿದೆ, ತಿರುಚಿದೆ. ಅಡಿಗೆಮನೆಯ ಚಾಕು ತೂರಿಸಿದೆ, ಅದರ ತುದಿ ಮುರಿಯಿತು. ಬಿಸಿನೀರು ತರಲು ಓಡಿದೆ. "ರಕ್ತಚಂದನ ರೀ, ಬಣ್ಣ ಬಿಡತ್ತೆ!" ಎಂದು ಅವಳು ಚೀರಿದಳು. ಗಲಾಟೆ ಕೇಳಿ ಎದುರು ಮನೆಯ ನಾಗರಾಜು ಬಂದರು.

"ಸಾರ್, ನೈಲ್ ಪಾಲಿಶ್ ತೆಗೆಯೋ ನೀರು ಹಾಕಿ. ನನ್ನ ಬೆರಳು ಅಂಟಿಕೊಂಡಾಗ ಅದ್ರಲ್ಲೇ ಬಿಟ್ಟಿದ್ದು. ಮೊದ್ಲು ಹಡಗಿನ ಮೇಲೆ ಟ್ರೈ ಮಾಡಿ."

ಮಾಡಿದೆ. ನನ್ನ ಪಾಲಿಶ್ ಎಲ್ಲ ಬಟ್ಟೆಗೆ ಬಂತು, ಅಂಟು ಅಲ್ಲೇ ಉಳಿಯಿತು. ಅದೇ ನೀರು ರಾಜನ ಕಾಲಿಗೆ ತಗುಲಿದ್ದರೆ ಅವನ ಬಣ್ಣದ ಗತಿಯೂ ಅಷ್ಟೇ. ನಾಗರಾಜು ಗ್ಯಾಸ್ ಮೇಲೆ ಹಾಲಿಟ್ಟು ಬಂದಿರುವುದನ್ನು ಥಟ್ಟನೆ ನೆನಪಿಸಿಕೊಂಡು ಹೊರಟುಹೋದರು.

ಶ್ಯಾಮಲಾ ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಟ್ರಂಕಿನ ಪಕ್ಕ ಕೂತು, ರಾಣಿಯನ್ನು ಬಟ್ಟೆಯಿಂದ ಬಿಡಿಸಿ ತೊಡೆಯ ಮೇಲಿಟ್ಟುಕೊಂಡಳು. "ಅಮ್ಮ ಆ ಮಂಡಿ ಇಟ್ಕೊಂಡು ಮೆಟ್ರೋ ಹತ್ತಿ ಬರ್ತಾ ಇದಾಳೆ ರೀ, ಇವೆರಡನ್ನ ಕೂರಿಸೋಕೆ" ಎಂದಳು. ಅಷ್ಟು ಸಂಕಟ ನನಗೆ ಈಚೆಗೆ ಯಾವತ್ತೂ ಆಗಿರಲಿಲ್ಲ.

ದಾರಿ ಒಂದೇ ಇತ್ತು. ರಾಜ ಹಡಗು ಬಿಡದಿದ್ದರೆ ಹಡಗೇ ರಾಜನನ್ನು ಬಿಡಬೇಕು. ಹಡಗಿನ ನೆಲದಲ್ಲಿ ನಾಲ್ಕು ಮೂಲೆಗೆ ತೂತು ಕೊರೆದು, ಸಣ್ಣ ಗರಗಸ ತೂರಿಸಿ, ರಾಜನ ಸುತ್ತ ಚೌಕಾಕಾರವಾಗಿ ಕೊಯ್ದೆ. ತಿಂಗಳುಗಟ್ಟಲೆ ಕಟ್ಟಿದ್ದನ್ನು ಕೊಯ್ಯುವಾಗ ಕರುಳು ಚುರುಕ್ ಎಂದಿತು, ಸುಳ್ಳು ಹೇಳುವುದಿಲ್ಲ. ಆದರೆ ರಾಜ ಕಾಲ ಕೆಳಗಿನ ಹಲಗೆಯ ಸಮೇತ ಇಡಿಯಾಗಿ ಹೊರಗೆ ಬಂದ. ಒಂದು ಗೀರಿಲ್ಲ! ಹಲಗೆಯ ಅಂಚು ತಿಕ್ಕಿ, ಬಟ್ಟೆಯಲ್ಲಿ ಒರೆಸುವಷ್ಟರಲ್ಲಿ ಗೇಟಿನ ಸದ್ದಾಯಿತು.

ಅತ್ತೆ ಬಂದರು. ನೀರು ಕುಡಿದರು. ಕನ್ನಡಕ ಹಾಕಿಕೊಂಡರು. "ಕೊಡೇ ಗೊಂಬೆನಾ, ಇವತ್ತೇ ಉಡಿಸಿ ಇಟ್ಟುಬಿಡೋಣ" ಎಂದರು. ಶ್ಯಾಮಲಾ ರಾಜನನ್ನು ಕೊಟ್ಟಳು. ನಾನು ಕಿಟಕಿಯಾಚೆಯ ಕರೆಂಟ್ ತಂತಿಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ.

"ಇದೇನೇ ಶ್ಯಾಮಲಾ, ರಾಜನ ಕಾಲ ಕೆಳಗೆ?"

"ಅದು... ಇವರೇ ಮಾಡಿದ್ದು ಅಮ್ಮ."

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ!

ಅತ್ತೆ ಹಲಗೆಯ ಮೇಲೆ ಬೆರಳಾಡಿಸಿದರು. ರಾಜನನ್ನು ಮೇಜಿನ ಮೇಲೆ ನಿಲ್ಲಿಸಿದರು. ಬೆರಳಿನಿಂದ ಅವನ ಭುಜ ತಳ್ಳಿ ನೋಡಿದರು. ರಾಜ ಒಂದಿಷ್ಟೂ ಅಲುಗಲಿಲ್ಲ.

"ನಮ್ಮಮ್ಮನ ಕಾಲದಿಂದ ಇವನು ಓಲಾಡ್ತಿದ್ದ ಅಳಿಯಂದ್ರೇ. ಪ್ರತಿ ವರ್ಷ ಕೆಳಗೆ ಕಾಗದ ಮಡಚಿ ಇಡ್ತಿದ್ದೆ, ಎಲ್ಲಿ ಬಿದ್ದುಬಿಡ್ತಾನೋ ಅಂತ ಹಬ್ಬ ಮುಗಿಯೋ ತನಕ ಭಯ. ನೋಡಿ ಈಗ, ಹೇಗೆ ನಿಂತಿದಾನೆ! ಯಾರೂ ಹೇಳದೇನೇ ನಿಮಗೆ ಹೊಳೀತಲ್ಲ!"

ಕಣ್ಣೊರೆಸಿಕೊಂಡರು. ನನಗೂ ಕಣ್ಣು ತುಂಬಿತು, ಕಾರಣ ಬೇರೆ. ಬದುಕಿದೆಯಾ ಬಡಜೀವವೇ ಎಂದು ಕುರ್ಚಿಯಲ್ಲಿ ಕುಸಿದೆ. ಅಡಿಗೆಮನೆಗೆ ಓಡಿಹೋದ ಶ್ಯಾಮಲಾ ಸೆರಗು ಬಾಯಿಗೆ ತುರುಕಿಕೊಂಡು ನಗುವುದು ಕೇಳಿಸಿತು. ಅಷ್ಟು ಇಂಪಾದ ಸದ್ದನ್ನು ನಾನು ಇತ್ತೀಚೆಗೆ ಕೇಳಿಲ್ಲ.

"ಅದ್ಸರಿ, ರಾಜನಿಗೆ ಮಾತ್ರ ಮಣೆನಾ? ರಾಣಿ ಕುಳ್ಳಾಗಿ ಕಾಣಲ್ವೇ?" ಎಂದರು ಅತ್ತೆ.

"ಇಗೋ ಬಂದೆ ಅತ್ತೆ!" ಎಂದು ಗರಗಸ ಹಿಡಿದು ಓಡಿದೆ. ಎರಡನೇ ಸಲ ಕೊಯ್ಯುವಾಗ ಒಂದಿಷ್ಟೂ ಬೇಸರವಾಗಲಿಲ್ಲ. ಇಡೀ ಹಡಗನ್ನೇ ಕೇಳಿದ್ದರೂ ಕೊಯ್ದು ಕೊಡುತ್ತಿದ್ದೆ.

ಮರುದಿನ ಸಂಜೆ ಬೊಂಬೆ ನೋಡಲು ಬೀದಿಯ ಹೆಂಗಸರು ಬಂದರು. ಅತ್ತೆ ಎಲ್ಲರಿಗೂ ಮೊದಲು ತೋರಿಸಿದ್ದು ಆ ಎರಡು ಮಣೆಗಳನ್ನು. "ನಮ್ಮ ಅಳಿಯಂದ್ರ ಕೈಕೆಲಸ" ಎಂದು ಬೀಗಿದರು. ಮೂಲೆಮನೆಯಾಕೆ ತಮ್ಮ ಗಣಪತಿಗೂ ಒಂದು ಬೇಕೆಂದರು. ಕಂಬವಿಲ್ಲದ, ಹಾಯಿಯಿಲ್ಲದ, ಹೊಟ್ಟೆಯಲ್ಲಿ ಎರಡು ಚೌಕ ತೂತುಗಳಿರುವ ನನ್ನ ನೌಕೆ ಕೊನೆಯ ಮೆಟ್ಟಿಲಿನಲ್ಲಿ ಕೂತಿತ್ತು.

"ಇದೇನಜ್ಜಿ, ಇಲ್ಲಿ ಮರದ ತೊಟ್ಟಿ?" ಎಂದು ಯಾರೋ ಕೇಳಿದರು.

"ಅದಾ?" ಎಂದರು ಅತ್ತೆ. "ಮಣೆ ಕೊಯ್ದು ಮಿಕ್ಕಿದ ಮರ ಕಣಮ್ಮ. ದಂಡ ಮಾಡಬಾರ್ದು ಅಂತ ಇಟ್ಟಿದಾರೆ."

ಹೌದು ಹೌದು ಎಂದು ತಲೆಯಾಡಿಸಿ, ಎಲ್ಲರಿಗೂ ಚರುಪಿನ ತಿಂಡಿ ಹಂಚಿದೆ.